ನರ್ಸರಿಗಳಲ್ಲಿ ನಮ್ಮ ಕೆರೆಯ ಜೇಕೂ ಸಿಗಲಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯದ ನರ್ಸರಿಗಳು ನಮ್ಮ ಕೆರೆಕಟ್ಟೆಗಳ ಅಂಚಿನಲ್ಲಿ ಬೆಳೆಯುವ, ಹುಲ್ಲಿನಂತೆ ಕಾಣುವ ಜೇಕನ್ನೂ ಬೆಳೆಸಿ ಮಾರಬೇಕು. ಈ ಕೋರಿಕೆಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಓದುಗರಲ್ಲೂ ಒಂದು ಮನವಿ. ಅಂಗಳದಲ್ಲೋ ತಾರಸಿಯಲ್ಲೋ ಒಂದು ತೊಟ್ಟಿಯಷ್ಟು ಜಾಗ ಇದ್ದರೆ ಜೇಕು ಬೆಳೆಸಿ. "ಜೇಕಾ? ಅದು ಕಳೆ ಅಲ್ವಾ?" ಎಂದು ಕೇಳುವವರೇ ಜಾಸ್ತಿ. ಹಾಗಾಗಿ ಪತ್ರ ಸ್ವಲ್ಪ ಉದ್ದವಾಗುತ್ತದೆ. ದಯವಿಟ್ಟು ಜಾಗ ಮಾಡಿಕೊಡಿ.

ನಾನು ಹುಟ್ಟಿದ್ದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರು ನಂಬಿಕೊಂಡು ಭತ್ತ ಬೆಳೆಯುವ ಮನೆ ನಮ್ಮದು. ಕಳೆ ಕೀಳುವ ಹೆಂಗಸರ ಜೊತೆ ನಾನೂ ಗದ್ದೆಗೆ ಇಳಿದವಳು. ಪೈರಿನ ನಡುವೆ ಜೇಕನ್ನು ಕಣ್ಣಿಗಿಂತ ಮೊದಲು ಕೈ ಗುರುತಿಸುತ್ತದೆ. ಬುಡ ಹಿಡಿದು ಎರಡು ಬೆರಳ ನಡುವೆ ಹೊರಳಿಸಿದರೆ ಭತ್ತದ ಕಡ್ಡಿ ಸರಾಗವಾಗಿ ಉರುಳುತ್ತದೆ. ಜೇಕಿನ ಕಡ್ಡಿಗೆ ಮೂರು ಅಂಚು, ಬೆರಳಿಗೆ ತಡೆಯುತ್ತದೆ. ಹುಲ್ಲಿನ ಕಾಂಡಕ್ಕೆ ಗಿಣ್ಣು ಇರುತ್ತದೆ, ಒಳಗೆ ಹೆಚ್ಚಾಗಿ ಟೊಳ್ಳು. ಜೇಕಿನ ಹೂಗೊಂಚಲು ಹೊತ್ತ ಕಡ್ಡಿಗೆ ಗಿಣ್ಣಿಲ್ಲ, ಸಾಮಾನ್ಯವಾಗಿ ಒಳಗೆ ಬೆಂಡು ತುಂಬಿರುತ್ತದೆ. ಎಲೆಗಳು ಮೂರು ದಿಕ್ಕಿಗೆ ಹೊರಡುತ್ತವೆ. ನೋಡಲು ಹುಲ್ಲಿನ ಹಾಗೇ ಕಂಡರೂ ಇದು ಬೇರೆಯೇ ಕುಟುಂಬ. ಪ್ರಪಂಚದಲ್ಲಿ ಈ ಕುಟುಂಬದ ಐದು ಸಾವಿರಕ್ಕೂ ಹೆಚ್ಚು ಬಗೆಗಳಿವೆ.

ರೈತರಿಗೆ ಕಣ್ಣೀರು ತರಿಸುವುದು ಅದರಲ್ಲಿ ಮುಖ್ಯವಾಗಿ ಒಂದು, ಕೊನ್ನಾರಿ ಗಡ್ಡೆ. ಶಾಸ್ತ್ರದಲ್ಲಿ ಸೈಪರಸ್ ರೋಟಂಡಸ್. ಮೇಲೆ ಕಿತ್ತರೆ ಎಲೆ ಮಾತ್ರ ಕೈಗೆ ಬರುತ್ತದೆ. ಕೆಳಗೆ ಗಡ್ಡೆಯಿಂದ ಗಡ್ಡೆಗೆ ದಾರ ಹೋಗಿರುತ್ತದೆ, ಉಳಿದದ್ದೆಲ್ಲ ಮತ್ತೆ ಚಿಗುರುತ್ತದೆ. ಪ್ರಪಂಚದ ಅತಿ ಕೆಟ್ಟ ಕಳೆಗಳ ಪಟ್ಟಿಯಲ್ಲಿ ಇದರ ಹೆಸರು ತಪ್ಪದೆ ಬರುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ಕೊಡುವ ಘಮಘಮ ಗಡ್ಡೆಯೂ ಇದೇ. ಔಷಧಿಗೆ ಬೇಕಾದದ್ದು ನಿಜ, ಆದರೆ ಮನೆಯ ಕೈತೋಟಕ್ಕೆ ಖಂಡಿತ ತರಬೇಡಿ. ಗದ್ದೆಯಲ್ಲಿ ಒಂದೇ ಬೆಳೆಗಾಲಕ್ಕೆ ಹುಟ್ಟಿ ಬೀಜ ಚೆಲ್ಲಿ ಸಾಯುವ ಸಣ್ಣ ಜೇಕುಗಳೂ ಬೇಡ. ನಾನು ಹೇಳುತ್ತಿರುವುದು ಕೆರೆ ಅಂಚಿನಲ್ಲಿ, ನಾಲೆ ಬದಿಯಲ್ಲಿ ಹೆಚ್ಚಾಗಿ ವರ್ಷವಿಡೀ ನಿಲ್ಲುವ ಜೇಕುಗಳ ಬಗ್ಗೆ. ಕೊನ್ನಾರಿ ಮೇಲಿನ ಸಿಟ್ಟನ್ನು ಇವುಗಳ ಮೇಲೆ ತೀರಿಸಿಕೊಂಡರೆ ಅನ್ಯಾಯ.

ನಮ್ಮ ಮನೆ ಮೂವತ್ತು-ನಲವತ್ತರ ಸೈಟಿನದು. ಸಂಪಿನ ಪಕ್ಕ ಒಂದಿಷ್ಟು ಜಾಗ, ಮೇಲೆ ತಾರಸಿ, ಅಷ್ಟೇ. ಅಷ್ಟರಲ್ಲೇ ನಾಲ್ಕು ಬಗೆಯ ಜೇಕು ಚೆನ್ನಾಗಿ ಬಂದಿವೆ.

ಮೊದಲನೆಯದು ಚಾಪೆ ಹುಲ್ಲು. ಸೈಪರಸ್ ಪಂಗೊರೈ, ಸೈಪರಸ್ ಕೊರಿಂಬೋಸಸ್ ಎಂಬ ಎರಡು ಹತ್ತಿರದ ಬಗೆಗಳಿಗೂ ಜನ ಈ ಹೆಸರೇ ಹೇಳುತ್ತಾರೆ. ಎಲೆ ಕಡಿಮೆ, ನೆಟ್ಟಗೆ ನಿಲ್ಲುವ ಹಸಿರು ಕಡ್ಡಿಗಳು, ತುದಿಯಲ್ಲಿ ಕಂದು ಹೂಗೊಂಚಲು. ತಮಿಳುನಾಡಿನ ಪತ್ತಮಡೈ ಊರಿನ ಹೆಸರಾಂತ ಚಾಪೆಗಳು ಆಗುವುದು ಈ ಜಾತಿಯ ಕಡ್ಡಿಯನ್ನು ಸೀಳಿ, ಒಣಗಿಸಿ, ನೇಯ್ದು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲೂ ಹಾಸಿಗೆಯ ಕೆಳಗೆ ಹುಲ್ಲಿನ ಚಾಪೆಯೇ ಇತ್ತು. ಸೆಕೆಗಾಲದಲ್ಲಿ ಅದರ ಮೇಲೆ ಮಲಗಿದ ತಂಪು ಪ್ಲಾಸ್ಟಿಕ್ ಚಾಪೆಯಲ್ಲಿ ಎಲ್ಲಿ ಬರಬೇಕು?

ಎರಡನೆಯದು ಸೈಪರಸ್ ಎಕ್ಸಾಲ್ಟೇಟಸ್. ಇದು ಎದೆಮಟ್ಟ, ಕೆಲವು ಸಲ ಆಳೆತ್ತರ ಬೆಳೆಯುತ್ತದೆ. ಹೂಗೊಂಚಲು ದೊಡ್ಡದು. ಮಳೆಗಾಲ ಮುಗಿಯುವ ಹೊತ್ತಿಗೆ ಹೊಂಬಣ್ಣಕ್ಕೆ ತಿರುಗುತ್ತದೆ. ಹೂದಾನಿಯಲ್ಲಿ ಇಟ್ಟರೆ ಬಂದವರೆಲ್ಲ ಎಲ್ಲಿ ತಂದಿರಿ ಎಂದು ಕೇಳುತ್ತಾರೆ. ಇದಕ್ಕೆ ದೊಡ್ಡ ತೊಟ್ಟಿಯೇ ಬೇಕು.

ಮೂರನೆಯದು ಎಲಿಯೋಕ್ಯಾರಿಸ್ ಡಲ್ಸಿಸ್. ಇದಕ್ಕೆ ಎಲೆಯೇ ಇಲ್ಲ. ಬರೀ ಹಸಿರು ಕೊಳವೆಗಳು, ಅದೂ ಮೂರಂಚಿನದಲ್ಲ, ದುಂಡಗೆ. ಒಳಗೆ ಅಡ್ಡ ಪದರಗಳಿವೆ, ಬೆರಳಲ್ಲಿ ಒತ್ತಿದರೆ ಪಟಪಟ ಎನ್ನುತ್ತದೆ. ಮಕ್ಕಳಿಗೆ ಇದೆಂದರೆ ಬಹಳ ಇಷ್ಟ. ಚೈನೀಸ್ ಅಡುಗೆಯಲ್ಲಿ ಕರುಂ ಎನ್ನುವ ಬಿಳಿ ಗಡ್ಡೆ ಹಾಕುತ್ತಾರಲ್ಲ, ಅದು ಇದೇ ಗಿಡದ ಸಾಗುವಳಿ ತಳಿಯದು.

ನಾಲ್ಕನೆಯದು ಷೀನೋಪ್ಲೆಕ್ಟಿಯೆಲ್ಲಾ ಆರ್ಟಿಕ್ಯುಲೇಟಾ. ಹೆಸರು ಬಾಯಿಗೆ ಕಷ್ಟ, ಗಿಡ ಬೆಳೆಸಲು ಸುಲಭ. ಹೂಗೊಂಚಲು ತುದಿಯಲ್ಲಿ ಬರುವುದಿಲ್ಲ. ಕಡ್ಡಿಯ ಬದಿಯಲ್ಲಿ, ಬುಡಕ್ಕೆ ಹತ್ತಿರವಾಗಿ ಅಂಟಿಕೊಂಡಿರುತ್ತದೆ. ಕೆರೆ ನೀರು ಇಳಿದ ಜಾಗದಲ್ಲಿ ಇದನ್ನು ನೀವೂ ನೋಡಿರುತ್ತೀರಿ.

ನರ್ಸರಿಯಲ್ಲಿ ನೀರಿನ ತೊಟ್ಟಿಗೆ ಏನಾದರೂ ಕೊಡಿ ಎಂದರೆ ಸಿಗುವುದು ಕೊಡೆಯಾಕಾರದ ಎಲೆಯ 'ಅಂಬ್ರೆಲಾ ಪಾಮ್'. ಅದು ತಾಳೆ ಜಾತಿಯೇ ಅಲ್ಲ, ಅದೂ ಜೇಕೇ. ಆದರೆ ಆಫ್ರಿಕಾ ಕಡೆಯದು. ಈಜಿಪ್ಟಿನವರು ಹಿಂದೆ ಕಾಗದ ಮಾಡುತ್ತಿದ್ದ ಪಪೈರಸ್ ಕೂಡ ಈಗ ಸಿಗುತ್ತದೆ. ನೈಲ್ ನದಿಯ ಜೇಕಿಗೆ ನಾವು ದುಡ್ಡು ಕೊಡುತ್ತೇವೆ. ಕಾವೇರಿ ಬಯಲಿನ ಜೇಕು ಮಾರಾಟಕ್ಕೇ ಇಲ್ಲ. ಇದು ನನಗೆ ಬೇಸರದ ವಿಷಯ. ಅಂಬ್ರೆಲಾ ಗಿಡ ಚರಂಡಿಗೆ ಬಿದ್ದರೆ ಅಲ್ಲೂ ಬೇರೂರಿ ಹಬ್ಬುತ್ತದೆ. ಇರುವವರು ಇಟ್ಟುಕೊಳ್ಳಲಿ, ಆದರೆ ಸವರಿದ ತುಂಡುಗಳನ್ನು ಮೋರಿಗೆ ಎಸೆಯಬೇಡಿ.

ಬೆಳೆಸುವ ಕ್ರಮ ಹೇಳುತ್ತೇನೆ. ಸಿಮೆಂಟ್ ತೊಟ್ಟಿ, ಒಡೆಯದ ಹಳೆ ಡ್ರಮ್ಮಿನ ಅರ್ಧ, ಹಳ್ಳಿಮನೆಯಲ್ಲಿ ಮೂಲೆಗೆ ಬಿದ್ದಿರುವ ಕಲಗಚ್ಚಿನ ಬಾನಿ, ಯಾವುದಾದರೂ ಸರಿ. ತಳದಲ್ಲಿ ತೂತು ಇರಬಾರದು. ಕನಿಷ್ಠ ಒಂದು ಅಡಿ ಆಳ ಇರಲಿ. ಮುಕ್ಕಾಲು ಭಾಗ ಮಣ್ಣು ತುಂಬಿ. ಕೆರೆ ಗೋಡು ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ, ಸಿಗದಿದ್ದರೆ ಗದ್ದೆಯ ಜೇಡಿಮಣ್ಣು. ನರ್ಸರಿಯ ಕೋಕೋಪೀಟ್ ಬೇಡ, ಅದು ತೇಲುತ್ತದೆ. ಹಸಿ ಸಗಣಿಯಂತೂ ಹಾಕಲೇಬಾರದು, ನೀರು ಕೊಳೆತು ಪಾಚಿ ಕಟ್ಟುತ್ತದೆ. ಮಣ್ಣಿನ ಮೇಲೆ ಒಂದಂಗುಲ ದಪ್ಪ ಮರಳು ಹಾಸಿದರೆ ನೀರು ಕಲಕುವುದಿಲ್ಲ.

ಬುಡ ತಂದ ದಿನವೇ ನೆಡಬೇಕು. ಎರಡು ಮೂರು ಚಿಗುರು ಇರುವ ಬೇರಿನ ತುಂಡು ಸಾಕು. ಉದ್ದನೆಯ ಕಡ್ಡಿಗಳನ್ನು ಗೇಣುದ್ದ ಉಳಿಸಿ ಕತ್ತರಿಸಿ, ಇಲ್ಲದಿದ್ದರೆ ಗಾಳಿಗೆ ಅಲುಗಾಡಿ ಬೇರು ಹಿಡಿಯುವುದಿಲ್ಲ. ಕತ್ತರಿಸಿದ ತುದಿ ನೀರಿನಿಂದ ಮೇಲೇ ಇರಲಿ, ಮುಳುಗಿದರೆ ಬುಡ ಕೊಳೆಯಬಹುದು. ಹೊಸ ಚಿಗುರು ಬರುವ ತನಕ ಮಣ್ಣು ಕೆಸರಾಗಿದ್ದರೆ ಸಾಕು, ಆಮೇಲೆ ನೀರು ಏರಿಸಿ. ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಒಂದು ರಾತ್ರಿ ಇಟ್ಟು ಹಾಕುವುದು ಒಳ್ಳೆಯದು. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕೇ ಬೇಕು. ನೆರಳಲ್ಲಿ ಕಡ್ಡಿ ಸೋತು ಬಾಗುತ್ತದೆ. ಜೂನ್, ಜುಲೈ ನೆಡಲು ಒಳ್ಳೆಯ ಕಾಲ. ತೊಟ್ಟಿ ತುಂಬಿ ಇಕ್ಕಟ್ಟಾದಾಗ ಬುಡ ಕಿತ್ತು ಭಾಗ ಮಾಡಿ ಅಕ್ಕಪಕ್ಕದವರಿಗೆ ಕೊಡಿ. ಒಣಗಿದ ಕಡ್ಡಿಗಳನ್ನು ಕತ್ತರಿಸಿ ಕರಿಬೇವಿನ ಬುಡಕ್ಕೆ ಹಾಸಿ.

ಹಾಗೆ ಭಾಗ ಮಾಡುವಾಗ ಒಮ್ಮೆ ಬೇರನ್ನು ಗಮನಿಸಿ ನೋಡಿ. ತೊಟ್ಟಿಯ ತಳದ ಕೆಸರು ಕಪ್ಪಗಿರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅಲ್ಲಿ ಗಾಳಿಯಿಲ್ಲ. ಆದರೆ ಅದೇ ಕೆಸರಿನಲ್ಲಿರುವ ಬೇರಿನ ಸುತ್ತ ತುಕ್ಕಿನ ಕೆಂಪು ಕಾಣುತ್ತದೆ. ಅದು ನಿಜವಾಗಿಯೂ ತುಕ್ಕೇ. ಜೇಕಿನ ಕಡ್ಡಿಯೊಳಗೆ ಗಾಳಿ ಓಡಾಡುವ ಸಣ್ಣ ಸಣ್ಣ ದಾರಿಗಳಿವೆ. ಮೇಲಿನ ಆಮ್ಲಜನಕ ಅದರಲ್ಲಿ ಇಳಿದು ಬೇರಿಗೆ ಬರುತ್ತದೆ, ಬೇರಿನಿಂದ ಸ್ವಲ್ಪ ಕೆಸರಿಗೂ ಸೋರುತ್ತದೆ. ಮಣ್ಣಿನ ಕಬ್ಬಿಣ ಅದಕ್ಕೆ ಸೇರಿ ಕೆಂಪಾಗುತ್ತದೆ. ಆ ಜಾಗದಲ್ಲಿ ಕೊಳೆಯನ್ನು ಕರಗಿಸುವ ಸೂಕ್ಷ್ಮಜೀವಿಗಳು ಮನೆಮಾಡುತ್ತವೆ. ಜಲ್ಲಿ ಹಾಸಿ, ನೀರಲ್ಲಿ ಬೆಳೆಯುವ ಗಿಡ ನೆಟ್ಟು, ಅದರ ಮೂಲಕ ಬಚ್ಚಲು ನೀರು ಹರಿಸಿ ತಿಳಿ ಮಾಡುವ ವಿಧಾನ ಕೆಲಸ ಮಾಡುವುದೂ ಬಹುಮಟ್ಟಿಗೆ ಹೀಗೇ. ಇದನ್ನು ನನ್ನ ಮೊಮ್ಮಗಳಿಗೆ ತೋರಿಸಿದಾಗ ಅವಳು ಬೇರನ್ನು ಕೈಯಿಂದ ಬಿಡಲೇ ಇಲ್ಲ. ಶಾಲೆಗಳಲ್ಲೂ ಇಂಥ ಒಂದು ತೊಟ್ಟಿ ಇದ್ದರೆ ಎಷ್ಟು ಚೆನ್ನ ಅಲ್ವಾ?

ಇನ್ನು ಸೊಳ್ಳೆ. ಡೆಂಗಿ ಸುದ್ದಿ ಓದಿದವರಿಗೆ ಈ ಭಯ ಬರುವುದು ಸಹಜ, ಬರಲೂ ಬೇಕು. ಡೆಂಗಿ ಹರಡುವ ಸೊಳ್ಳೆ ನಿಂತ ನೀರಿನಲ್ಲಿ ವಾರ, ಹತ್ತು ದಿನದಲ್ಲಿ ಮೊಟ್ಟೆಯಿಂದ ರೆಕ್ಕೆ ಬಲಿಯುವ ತನಕ ಬೆಳೆದುಬಿಡುತ್ತದೆ. ಮೀನು ಬಿಡಲು ಆಗದವರು ತೆರೆದ ನೀರನ್ನೇ ಇಡಬೇಡಿ. ನೀರಿನ ಮಟ್ಟ ಮರಳಿನ ಕೆಳಗೇ ಇರಲಿ. ಕೈಯಿಟ್ಟರೆ ಒದ್ದೆ, ಕಣ್ಣಿಗೆ ನೀರು ಕಾಣಬಾರದು. ಜೇಕಿಗೆ ಅಷ್ಟು ಸಾಕು, ಸೊಳ್ಳೆ ಮರಿ ಈಜಲು ನೀರೇ ಇರುವುದಿಲ್ಲ. ಆದರೆ ಮಳೆಗಾಲದಲ್ಲಿ ಕಣ್ಣಿಡಬೇಕು. ಒಂದು ದೊಡ್ಡ ಮಳೆ ಬಿದ್ದರೆ ತೊಟ್ಟಿ ತುಂಬಿಬಿಡುತ್ತದೆ. ಮರಳಿನ ಮಟ್ಟಕ್ಕೆ ಪಕ್ಕದಲ್ಲಿ ಒಂದು ತೂತು ಕೊರೆದರೆ ಹೆಚ್ಚಾದ ನೀರು ತಾನಾಗಿ ಹೊರಗೆ ಹೋಗುತ್ತದೆ.

ತೆರೆದ ನೀರು ಬೇಕು ಎನ್ನುವವರು ಮೀನು ಬಿಡಿ. ಸೊಳ್ಳೆ ಮರಿ ತಿನ್ನಲೆಂದು ಬಿಡುವ ಗ್ಯಾಂಬೂಸಿಯಾ ಮೀನು ಬೇಡ. ಅದು ಅಮೆರಿಕದ್ದು, ಕೆರೆಗೆ ಸೇರಿದರೆ ಇಲ್ಲಿನ ಮೀನಿನ ಮರಿ, ಕಪ್ಪೆ ಮರಿಗಳನ್ನೂ ತಿನ್ನುತ್ತದೆ. ನಮ್ಮ ಹಳ್ಳಗಳಲ್ಲೇ ನೀರಿನ ಮೇಲ್ಮೈಯಲ್ಲಿ ತಿರುಗುವ, ನೆತ್ತಿಯ ಮೇಲೆ ಬೆಳ್ಳನೆಯ ಚುಕ್ಕೆ ಇರುವ ಅಪ್ಲೋಕೈಲಸ್ ಎಂಬ ಪುಟ್ಟ ಮೀನಿದೆ. ಸೊಳ್ಳೆ ಮರಿ ತಿನ್ನಲು ಅದೇ ಸಾಕು.

ನನ್ನ ತಾರಸಿ ತೊಟ್ಟಿಗೆ ಏರೋಪ್ಲೇನ್ ಚಿಟ್ಟೆಗಳೂ ಬಂದವು. ಅವುಗಳ ಮರಿ ಬೆಳೆಯುವುದು ನೀರಿನೊಳಗೆ, ತಿನ್ನುವುದು ಸೊಳ್ಳೆ ಮರಿಯಂಥ ಹುಳುಗಳನ್ನು. ಬಲಿತ ಮೇಲೆ ಅದು ನೀರಿನಿಂದ ಹತ್ತಿ ಬರಲು ನೆಟ್ಟಗಿನ ಆಸರೆ ಬೇಕು. ತಾವರೆ ಎಲೆಯಲ್ಲಿ ಆ ಅನುಕೂಲ ಕಡಿಮೆ, ಜೇಕಿನ ಕಡ್ಡಿ ಅದಕ್ಕೆ ಹೇಳಿ ಮಾಡಿಸಿದ್ದು. ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದಾಗ ಕಡ್ಡಿಗಳ ಮೇಲೆ ಬಿಟ್ಟು ಹೋದ ಪೊರೆಗಳು ಕಾಣುತ್ತವೆ. ಬೆನ್ನ ಮೇಲೆ ಸೀಳಿರುತ್ತದೆ, ಕಾಲುಗಳು ಇನ್ನೂ ಕಡ್ಡಿ ಹಿಡಿದುಕೊಂಡೇ ಇರುತ್ತವೆ. ಬೀಜ ಬಲಿತಾಗ ರಾಟವಾಳ ಹಕ್ಕಿಗಳು ಬಂದು ಗೊಂಚಲಿಗೆ ಜೋತುಬೀಳುತ್ತವೆ.

ಹಾವು ಬರುತ್ತದೆ ಎಂಬ ಮಾತೂ ಕೇಳಿದ್ದೇನೆ. ತಾರಸಿಯ ತೊಟ್ಟಿ ಹುಡುಕಿಕೊಂಡು ಹಾವು ಬರುವುದಿಲ್ಲ. ಅಂಗಳದಲ್ಲಿ ಕಪ್ಪೆ ಸೇರಿದರೆ ಅಪರೂಪಕ್ಕೆ ಒಳ್ಳೆ ಹಾವು ಬರಬಹುದು, ಅದು ವಿಷದ್ದಲ್ಲ. ಯಾವ ಹಾವು ಎಂದು ಗೊತ್ತಾಗದಿದ್ದರೆ ಹತ್ತಿರ ಹೋಗದೆ ಹಾವು ಹಿಡಿಯುವವರನ್ನು ಕರೆಯಿರಿ. ಸಾಮಾನು ಒಟ್ಟಿದ ಮೂಲೆ, ಇಲಿ ಬಿಲ ಇರುವ ಮನೆಗೇ ಹಾವಿನ ಭಯ ಜಾಸ್ತಿ.

ಜೇಕಿನ ಜೊತೆ ಅದೇ ತೊಟ್ಟಿಯ ಅಂಚಿನಲ್ಲಿ ಒಂದೆಲಗ, ನೀರು ಬ್ರಾಹ್ಮಿ, ಹೊನಗೊನೆ ಸೊಪ್ಪು ಎಲ್ಲವೂ ಬರುತ್ತವೆ. ಇವೂ ತೇವದ ನೆಲದವೇ. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಹೊನಗೊನೆ ಪಲ್ಯಕ್ಕೆ ಸೊಪ್ಪು ಅಲ್ಲಿಂದಲೇ ಬರುತ್ತದೆ. ತಿನ್ನುವ ಸೊಪ್ಪು ಇರುವ ತೊಟ್ಟಿಗೆ ಬಚ್ಚಲು ನೀರು ಮಾತ್ರ ಬಿಡಬೇಡಿ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣ ಇದೆ. ನಮ್ಮ ಬಡಾವಣೆಯ ಹತ್ತಿರ ಒಂದು ಸಣ್ಣ ಕೆರೆ ಇದೆ. ಅದನ್ನು ಚೆಂದ ಮಾಡುತ್ತೇವೆ ಎಂದು ಅಂಚಿನ ಜೇಕನ್ನೆಲ್ಲ ಜೆಸಿಬಿಯಲ್ಲಿ ಕೆರೆದು ತೆಗೆದರು. ಸುತ್ತ ಕಲ್ಲು ಜೋಡಿಸಿದರು, ನಡೆಯಲು ದಾರಿ ಮಾಡಿದರು. ನಡೆಯುವ ದಾರಿ ನನಗೂ ಬೇಕು, ಅದಕ್ಕೆ ತಕರಾರಿಲ್ಲ. ಆದರೆ ಜೇಕು ಹೋದ ಮೇಲಿನ ಮಳೆಗಾಲದಲ್ಲಿ ಮೇಲಿನ ಖಾಲಿ ಸೈಟುಗಳ ಮಣ್ಣು, ಕಸ ಎಲ್ಲ ನೇರ ನೀರಿಗೆ ಬಂತು. ಮೊದಲು ಆ ಜೇಕಿನ ಪೊದೆಯೇ ನೀರಿನ ಓಟ ತಗ್ಗಿಸಿ ಮಣ್ಣನ್ನು ಅಂಚಿನಲ್ಲೇ ಹಿಡಿದುಕೊಳ್ಳುತ್ತಿತ್ತು. ಅಲೆ ಹೊಡೆದಾಗ ದಡ ಕುಸಿಯದಂತೆ ತಡೆಯುತ್ತಿದ್ದದ್ದೂ ಅದರ ಬೇರೇ. ಮರಿಗಳ ಜೊತೆ ಓಡಾಡುತ್ತಿದ್ದ ಹುಂಡುಕೋಳಿಗಳು ಈಗ ಕಾಣುವುದಿಲ್ಲ. ಕಲ್ಲಿನ ಇಳಿಜಾರಿನಲ್ಲಿ ಅವು ಎಲ್ಲಿ ಅಡಗಬೇಕು, ಎಲ್ಲಿ ಗೂಡು ಕಟ್ಟಬೇಕು?

ಕೆರೆ ಕಟ್ಟಿಸಿದ ಊರು ನಮ್ಮದು. ಲಿಂಗಾಂಬುಧಿ ಕೆರೆ 1828ರದು, ಕುಕ್ಕರಹಳ್ಳಿ ಕೆರೆ 1864ರದು, ಎರಡೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವು. ಪಕ್ಕದ ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು 1940ರಿಂದ ಪಕ್ಷಿಧಾಮ. 2022ರಲ್ಲಿ ಅದು ಕರ್ನಾಟಕದ ಮೊದಲ ರಾಮ್ಸರ್ ತಾಣವಾಯಿತು. ಅಂದರೆ ಇಡೀ ಪ್ರಪಂಚಕ್ಕೆ ಮುಖ್ಯವಾದ ಜೌಗು ಪ್ರದೇಶ ಎಂಬ ಮನ್ನಣೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಜನ ಮನೆಯಂಗಳದ ಮರಗಳಲ್ಲೇ ಕೊಕ್ಕರೆ, ಹೆಜ್ಜಾರ್ಲೆಗಳಿಗೆ ಜಾಗ ಕೊಟ್ಟಿದ್ದಾರೆ. ಆ ಹಕ್ಕಿಗಳು ಮರದಲ್ಲಿ ಗೂಡು ಕಟ್ಟಿದರೂ ಮೇಯುವುದು ಸುತ್ತಲಿನ ಕೆರೆ, ಹೊಳೆ, ಗದ್ದೆಗಳಲ್ಲಿ. ಸಣ್ಣ ಮೀನು ಮೊಟ್ಟೆಯಿಟ್ಟು ಮರಿ ದೊಡ್ಡದಾಗುವುದು ಅಂಚಿನ ಜೊಂಡು, ಜೇಕಿನ ಮರೆಯಲ್ಲಿ. ಹಕ್ಕಿಗೆ ಮರ ಉಳಿಸಿ, ಮೀನಿಗೆ ಜೇಕು ಉಳಿಸದಿದ್ದರೆ ಲೆಕ್ಕ ತಪ್ಪುತ್ತದೆ.

ಬುಡ ಎಲ್ಲಿಂದ ತರಬೇಕು ಎಂದು ಕೇಳುತ್ತೀರಿ. ದಯವಿಟ್ಟು ಕೆರೆಗಿಳಿದು ಕೀಳಬೇಡಿ. ಪಕ್ಷಿಧಾಮದಿಂದ ಒಂದು ಕಡ್ಡಿಯನ್ನೂ ತರುವಂತಿಲ್ಲ, ಅದಕ್ಕೆ ಕಾನೂನು ಇದೆ. ನಾನು ತಂದದ್ದು ನಮ್ಮ ಅಣ್ಣನ ಗದ್ದೆಯಿಂದ. ನೀರು ಬಿಡುವ ಮೊದಲು ಕಾಲುವೆ ಹೂಳೆತ್ತಿದಾಗ ಜೇಕಿನ ಬುಡಗಳನ್ನು ಏರಿಯ ಮೇಲೆ ರಾಶಿ ಹಾಕಿರುತ್ತಾರೆ, ಬಿಸಿಲಿಗೆ ಒಣಗಿ ಹೋಗುತ್ತವೆ. ಗದ್ದೆಯವರನ್ನು ಕೇಳಿ ಅದರಲ್ಲಿ ಒಂದೆರಡು ತನ್ನಿ. ತಂದದ್ದನ್ನು ಮೊದಲು ಬೇರೆ ಬಕೆಟ್ಟಿನಲ್ಲಿ ಇಟ್ಟು ನೋಡಿ. ಅದರೊಳಗೆ ಕೊನ್ನಾರಿ ಗಡ್ಡೆಯೋ ಅಂತರಗಂಗೆಯ ತುಂಡೋ ಸೇರಿದ್ದರೆ ಆಗಲೇ ತೆಗೆದುಹಾಕಬಹುದು.

ಆದರೆ ಎಲ್ಲರಿಗೂ ಗದ್ದೆ ಇರುವ ಅಣ್ಣ ಇರುವುದಿಲ್ಲ. ಆದ್ದರಿಂದಲೇ ನರ್ಸರಿಗಳನ್ನು ಕೇಳುತ್ತಿದ್ದೇನೆ. ಲಿಂಗಾಂಬುಧಿ ಕೆರೆಯ ಪಕ್ಕದಲ್ಲೇ ತೋಟಗಾರಿಕೆ ಇಲಾಖೆಯ ಸಸ್ಯೋದ್ಯಾನ ಇದೆ. ಅಲ್ಲಿ ಒಂದು ಸಣ್ಣ ಮಡಿಯಲ್ಲಿ ಈ ನಾಲ್ಕು ಬಗೆಯ ಜೇಕನ್ನು ಹೆಸರಿನ ಫಲಕ ಹಾಕಿ ಬೆಳೆಸಲಿ. ಬುಡ ಭಾಗ ಮಾಡಿದಷ್ಟೂ ಸಸಿ, ಖರ್ಚು ಕಡಿಮೆ. ಮಳೆಗಾಲದ ಆರಂಭದಲ್ಲಿ ಮಾವು, ತೆಂಗಿನ ಸಸಿಗಳ ಜೊತೆ ಜೇಕಿನ ಬುಡಗಳನ್ನೂ ಮಾರಾಟಕ್ಕೆ ಇಡಲಿ. ಮಾನಸಗಂಗೋತ್ರಿಯ ಸಸ್ಯಶಾಸ್ತ್ರ ವಿದ್ಯಾರ್ಥಿಗಳು ಸರಿಯಾಗಿ ಗುರುತಿಸಲು ನೆರವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಜೇಕಿನಲ್ಲಿ ಒಂದನ್ನು ಇನ್ನೊಂದು ಎಂದುಕೊಳ್ಳುವುದು ಸುಲಭ. ಕೆರೆ ಕೆಲಸ ಮಾಡಿಸುವವರು ಅಂಚಿನ ಜೇಕನ್ನು ಪೂರ್ತಿ ಕೆರೆಯದೆ, ನೀರು ಒಳಬರುವ ಕಡೆಯಾದರೂ ಒಂದು ಪಟ್ಟಿ ಬಿಡಲಿ. ಈಗಾಗಲೇ ಕಲ್ಲು ಕಟ್ಟಿದ ಕಡೆ ಕಲ್ಲಿನ ಬುಡದ ಕೆಸರಿನಲ್ಲಿ ಮತ್ತೆ ನೆಡಲಿ. ನಮ್ಮ ಬಡಾವಣೆಯ ಕೆರೆಗೆ ಬೇಕಾದ ಬುಡಗಳನ್ನು ನನ್ನ ತೊಟ್ಟಿಗಳಿಂದಲೇ ಕೊಡುತ್ತೇನೆ, ನೆಡಲು ನಾನೂ ಬರುತ್ತೇನೆ.

ಇಂತಿ,
ಒಬ್ಬ ಗೃಹಿಣಿ,
ಮೈಸೂರು